ಮೆಟ್ನರ್ ಪ್ಲೇಟು ಇದೆಯಾ?

ವರ್ಷಕ್ಕೆ ಎರಡು ಸಲವಾದರೂ ಆ ಫಾರ್ವರ್ಡ್ ಬಂದೇ ಬರುತ್ತದೆ. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯನ್ ಸಂಗೀತಗಾರರೊಬ್ಬರಿಗೆ ನಮ್ಮ ಜಯಚಾಮರಾಜ ಒಡೆಯರ್ ದುಡ್ಡು ಕೊಟ್ಟ ಕಥೆ. ಕೆಳಗೆ ಕೈ ಮುಗಿದ ಎಮೋಜಿಗಳ ಸಾಲು. ಆ ಮನುಷ್ಯ ನುಡಿಸಿದ್ದನ್ನು ಯಾರಾದರೂ ಕೇಳಿದ್ದೀರಾ ಅಂತ ಒಮ್ಮೆ ಬರೆದೆ. ಗ್ರೂಪೇ ಗಪ್‌ಚುಪ್. ಬೈಯಲು ನನಗೂ ಹಕ್ಕಿಲ್ಲ ಬಿಡಿ, ಅಲ್ಲಿಯವರೆಗೆ ನಾನೂ ಕೇಳಿರಲಿಲ್ಲ.

ಹೆಸರು ನಿಕೊಲಾಯ್ ಮೆಟ್ನರ್. ಹುಟ್ಟಿದ್ದು 1880ರಲ್ಲಿ, ಮಾಸ್ಕೋದಲ್ಲಿ. ಸಂಗೀತ ರಚನೆಕಾರ ರಖ್ಮಾನಿನೋವ್ ಇವರ ಗೆಳೆಯ, ತಮ್ಮ ನಾಲ್ಕನೇ ಪಿಯಾನೊ ಕಾನ್ಚೆರ್ಟೊವನ್ನು ಇವರಿಗೇ ಅರ್ಪಿಸಿದ್ದಾರೆ. ಕಾನ್ಚೆರ್ಟೊ ಅಂದರೆ ಇಲ್ಲಿ ಪಿಯಾನೊ ಮತ್ತು ಆರ್ಕೆಸ್ಟ್ರಾ ಸೇರಿ ನುಡಿಸುವ ದೊಡ್ಡ ಕೃತಿ. ಆದರೂ ಗೆಳೆಯನ ಹೆಸರು ಲೋಕಕ್ಕೆಲ್ಲ ಗೊತ್ತು, ಇವರದು ಪಿಯಾನೊ ಹುಚ್ಚು ಹಿಡಿದವರಿಗೆ ಮಾತ್ರ. ಪಿಯಾನೊ ಒಂದಕ್ಕೇ ಬರೆದ 14 ಸೊನಾಟಾ, ಮೂರು ಕಾನ್ಚೆರ್ಟೊ, ‘ಸ್ಕಾಜ್ಕಿ’ ಎಂಬ ಚಿಕ್ಕ ಚಿಕ್ಕ ತುಣುಕುಗಳು. ಸ್ಕಾಜ್ಕಿ ಅಂದರೆ ರಷ್ಯನ್ನರ ಅಜ್ಜಿಕಥೆ. ಪಿಯಾನೊ ಇಲ್ಲದ ಒಂದು ಕೃತಿಯನ್ನೂ ಈ ಪುಣ್ಯಾತ್ಮ ಬರೆಯಲಿಲ್ಲ.

1947ರಲ್ಲಿ ಒಡೆಯರ್ ದುಡ್ಡಿನಿಂದ ನಾಯಿ ಮಾರ್ಕಿನ ಗ್ರಾಮಫೋನ್ ಕಂಪನಿ ಎಚ್‌ಎಂವಿಯಲ್ಲಿ ರೆಕಾರ್ಡಿಂಗ್ ಶುರುವಾಯಿತು. ಮೆಟ್ನರ್‌ಗೆ 67, ಹೃದಯದ ಕಾಯಿಲೆ. ಮಹಾರಾಜರಿಗೆ ಮೂವತ್ತೂ ತುಂಬಿರಲಿಲ್ಲ. ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ಮೆಟ್ನರ್ ತಮ್ಮ ಮೂರೂ ಕಾನ್ಚೆರ್ಟೊ ನುಡಿಸಿದರು. ಗಾಯಕಿ ಎಲಿಜಬೆತ್ ಶ್ವಾರ್ಜ್‌ಕೋಫ್ ಹಾಡಿದರು, ಪಿಯಾನೊಗೆ ಇವರೇ ಕೂತರು. ಮೂರನೇ ಕಾನ್ಚೆರ್ಟೊ ಅರ್ಪಣೆಯಾಗಿರುವುದು ಮೈಸೂರು ಮಹಾರಾಜರಿಗೆ. 1951ರಲ್ಲಿ ಮೆಟ್ನರ್ ತೀರಿಕೊಂಡರು.

ಇದನ್ನು ದಾನ ಅನ್ನುವವರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಒಡೆಯರ್ ಸ್ವತಃ ಪಿಯಾನೊ ಕಲಿತವರು. ಆಮೇಲೆ ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ಬರೆದವರು. ಮೆಟ್ನರ್ ಸಂಗೀತ ಕೇಳಬೇಕು, ಗ್ರಾಮಫೋನ್ ಪ್ಲೇಟು ಸಿಗುತ್ತಿಲ್ಲ, ಹಾಗಾದರೆ ಮಾಡಿಸಿಬಿಡೋಣ ಅಂತ ಹೊರಟ ಕೇಳುಗನ ಹಟ ಅದು. ನನ್ನ ಲೆಕ್ಕದಲ್ಲಿ ಅದು ದಾನಕ್ಕಿಂತ ದೊಡ್ಡದು.

ಮೈಸೂರಲ್ಲೇ ಒಂದಾದರೂ ಸಿಗಬಾರದೇ ಅಂತ ಹುಡುಕಿದೆ. ಹಳೇ ಸಾಮಾನಿನ ಅಂಗಡಿಯವನು ರಾಜ್‌ಕುಮಾರ್ ಪ್ಲೇಟುಗಳ ಕಟ್ಟು ಎಳೆದು ಮುಂದಿಟ್ಟ. ಪಿಯಾನೊದ್ದು ಅಂದೆ.

‘ಇಂಗ್ಲಿಷ್ ಪ್ಲೇಟಾ ಸಾರ್? ಒಂದು ಮೂಟೆ ಬಂದಿತ್ತು. ಕೆಫೆಯವರು ಗೋಡೆಗೆ ಹೊಡೆಯೋಕೆ ಒಯ್ದರು.’

ನಾನು ಆ ಕೆಫೆಗೂ ಹೋದೆ! ಕಾಫಿ ಕುಡಿಯುವವರ ತಲೆಯ ಮೇಲೆ ಬಗ್ಗಿ ಒಂದೊಂದೇ ಲೇಬಲ್ ಓದಿದೆ. ಎಲ್ಲ ಡಾನ್ಸ್ ಮ್ಯೂಸಿಕ್ಕು. ನಡುವಿಗೆ ಮೊಳೆ ಬೇರೆ.

ಕೊನೆಗೆ ಬೆಂಗಳೂರಿನ ಹಿರಿಯರೊಬ್ಬರ ಮನೆಯಲ್ಲಿ ಸಿಕ್ಕಿತು. ಇಡೀ ಸೆಟ್ ಅಲ್ಲ, ಕಾನ್ಚೆರ್ಟೊದ ಒಂದೇ ಒಂದು ಪ್ಲೇಟು. ಅಂಚು ಚಕ್ಕೆ ಎದ್ದಿತ್ತು. ಈಗಿನ ಪ್ಲಾಸ್ಟಿಕ್ ರೆಕಾರ್ಡಿನಂತಲ್ಲ, ಅರಗಿನದು, ಕೈಗೆ ಭಾರ. ಕೆಳಗೆ ಬಿದ್ದರೆ ಬಳೆಯ ಹಾಗೆ ಚೂರು. ಮುಳ್ಳು ಇಟ್ಟರು. ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ, ಅದರ ಹಿಂದೆ ಮುದುಕನ ಕೈ. ಸಂಗೀತ ಎಲ್ಲೋ ಮಧ್ಯದಲ್ಲಿ ಶುರುವಾಯಿತು. ಒಂದು ಮಗ್ಗುಲಿಗೆ ನಾಲ್ಕೂ ಚಿಲ್ಲರೆ ನಿಮಿಷ ಅಷ್ಟೇ ತಾನೇ? ಪಿಯಾನೊ ಮೇಲೇರುತ್ತಿದ್ದಾಗಲೇ ಕಟ್. ಮಗುಚಿ ಹಾಕಿದರು. ಅದೂ ಮುಗಿಯಿತು.

‘ಮುಂದಿನ ಪ್ಲೇಟು ಇಲ್ಲ ಕಣಪ್ಪ, ಊಹೆ ಮಾಡ್ಕೊ’ ಅಂದು ನಕ್ಕರು.

ಊಹೆ ಮಾಡಿಕೊಳ್ಳುವ ಕಷ್ಟ ಏನೂ ಇಲ್ಲ, ನಿಜ ಹೇಳಬೇಕೆಂದರೆ. ಟೆಸ್ಟಮೆಂಟ್, ಎಪಿಆರ್ ಕಂಪನಿಗಳು ಈ ಹಳೇ ರೆಕಾರ್ಡಿಂಗ್‌ಗಳನ್ನು ಸಿಡಿಗೆ ತಂದಿವೆ. ಇಂಗ್ಲಿಷಿನಲ್ಲಿ ‘Medtner plays Medtner’ ಅಂತ ಹಾಕಿ ಹುಡುಕಿ. ಸ್ಪೆಲ್ಲಿಂಗಿನಲ್ಲಿ ಒಂದು ಡಿ ಇದೆ, ಅದಕ್ಕೇ ನಾನು ಒಂದು ವಾರ ಒದ್ದಾಡಿದ್ದೆ. ಮೊದಲೇ ಕಾನ್ಚೆರ್ಟೊಗೆ ಕೈ ಹಾಕಬೇಡಿ, ತಲೆ ಕೆಡುತ್ತದೆ. ಅಜ್ಜಿಕಥೆಗಳಿಂದ ಶುರು ಮಾಡಿ. ಮೂರು ನಿಮಿಷ, ಹೆಡ್‌ಫೋನ್ ಹಾಕಿಕೊಂಡು. ಮೊದಲ ಸಲ ಏನೂ ಅನ್ನಿಸದೇ ಇರಬಹುದು. ನನಗೆ ನಾಲ್ಕನೇ ಸಲಕ್ಕೆ ಹಿಡಿಸಿತು.

ಮತ್ತೆ, ಮೈಸೂರಿನವರೇ, ನಿಮ್ಮ ಅಟ್ಟದ ಟ್ರಂಕಿನಲ್ಲಿ ನಾಯಿ ಮಾರ್ಕಿನ ಪಿಯಾನೊ ಪ್ಲೇಟುಗಳಿದ್ದರೆ ದಯವಿಟ್ಟು ಮೊದಲು ನನಗೊಂದು ಮೆಸೇಜ್ ಹಾಕಿ. ಕೆಫೆಯವರು ಎಷ್ಟು ಕೊಡುತ್ತಾರೋ ಅದಕ್ಕಿಂತ ನೂರು ರೂಪಾಯಿ ಜಾಸ್ತಿ ಕೊಡುತ್ತೇನೆ.