ಕ್ಯಾಮೆರಾ ನನ್ನದು, ಅದಕ್ಕೂ ತಿಂಗಳ ಬಾಡಿಗೆನಾ?

ಇಷ್ಟು ದುಡ್ಡು ಸುರಿದು ಲೆನ್ಸ್ ಬದಲಿಸುವಂಥ ಮಿರರ್‌ಲೆಸ್ ಕ್ಯಾಮೆರಾ ತಗೊಂಡಿದ್ದೇನೆ. 4ಕೆ ವಿಡಿಯೋ ತೆಗೆಯುತ್ತದೆ. ಅದನ್ನೇ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ವಿಡಿಯೋ ಕಾಲ್ ಮಾಡೋಣ ಅಂದರೆ ಕಂಪನಿಯ ಸಾಫ್ಟ್‌ವೇರ್ ಬೇಕಂತೆ. ಉಚಿತದಲ್ಲಿ 720ಪಿ ಅಷ್ಟೇ. ಅದಕ್ಕಿಂತ ಸ್ಪಷ್ಟವಾದ 1080ಪಿ ಬೇಕಾ? ತಿಂಗಳು ತಿಂಗಳು ದುಡ್ಡು ಕಟ್ಟಬೇಕು. ಲೆನ್ಸ್ ನನ್ನದು, ಲ್ಯಾಪ್‌ಟಾಪ್ ನನ್ನದು, ಕರೆಂಟ್ ಬಿಲ್ ನನ್ನದು. ಮತ್ತೆ ಇವರಿಗೆ ಯಾತಕ್ಕೆ ಕೊಡಬೇಕು?

ನಮ್ಮದು ಬಳ್ಳಾರಿಯಲ್ಲಿ ಒಂದು ಸಣ್ಣ ಜೀನ್ಸ್ ಯೂನಿಟ್. ಪ್ಯಾಂಟು ವಾಷಿಂಗ್ ಆಗಿ ಬಂದ ಮೇಲೆ ಹೊರ ಊರಿನ ವ್ಯಾಪಾರಿಗಳು ಶೇಡ್ ನೋಡಬೇಕು ಅಂತಾರೆ. ಮೊದಲು ಸ್ಯಾಂಪಲ್ ಪಾರ್ಸೆಲ್ ಹಾಕುತ್ತಿದ್ದೆವು. ಈಗ ಎಲ್ಲರಿಗೂ ವಿಡಿಯೋ ಕಾಲ್‌ನಲ್ಲೇ ತೋರಿಸಬೇಕು. ಲ್ಯಾಪ್‌ಟಾಪ್ ಕ್ಯಾಮೆರಾದ ಹಣೆಬರಹ ಗೊತ್ತಲ್ವಾ? ಪ್ಯಾಂಟು ಸ್ವಲ್ಪ ಹತ್ತಿರ ಹಿಡಿದರೆ ಸಾಕು, ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸ್ ತಾನಾಗೇ ಬದಲಾಗಿ ಕಡು ನೀಲಿ ಹೋಗಿ ಬೂದಿ ಬಣ್ಣ ಬರುತ್ತದೆ. ತೊಡೆ ಮೇಲೆ ಮಾಸಿದಂತೆ ಮಾಡುವ ವಿಸ್ಕರ್ ಗೆರೆ, ಜೇಬಿನ ಹೊಲಿಗೆಯ ದಾರದ ಬಣ್ಣ, ಯಾವುದೂ ತಿಳಿಯಲ್ಲ. "ಇದೇನ್ರೀ, ಶೇಡ್ ಬೇರೆ ಐತಲ್ಲ" ಅಂತ ಆ ಕಡೆಯವರು ಅಲ್ಲೇ ರೇಟ್ ಇಳಿಸುತ್ತಾರೆ. ಮಿರರ್‌ಲೆಸ್‌ನಲ್ಲಾದರೆ ವೈಟ್ ಬ್ಯಾಲೆನ್ಸ್ ಒಂದೇ ಕಡೆ ನಿಲ್ಲಿಸಬಹುದು. ನನಗೆ ಅದು ಬೇಕಾಗಿರುವುದು ಅದಕ್ಕೇ. ನನ್ನ ಮುಖ ಚಂದ ಕಾಣಲಿ ಅಂತಲ್ಲ. ಟೈಲರ್‌ಗಳು, ವಾಷಿಂಗ್‌ನವರು ಬೆವರು ಸುರಿಸಿ ಮಾಡಿದ ಕೆಲಸ ಇದ್ದ ಹಾಗೆ ಕಾಣಲಿ ಅಂತ.

ಇದೇನು ಆಗದ ಕೆಲಸವೂ ಅಲ್ಲ. ಯುವಿಸಿ ಅನ್ನುವ ಮಾನದಂಡ 2003ರಿಂದಲೇ ಇದೆ. ಅದನ್ನು ಪಾಲಿಸುವ ಕ್ಯಾಮೆರಾ ಸಿಕ್ಕಿಸಿದರೆ ಕಂಪ್ಯೂಟರ್ ತಾನೇ ವೆಬ್‌ಕ್ಯಾಮ್ ಅಂತ ಗುರುತಿಸುತ್ತದೆ. ತೀರಾ ಅಗ್ಗದ ವೆಬ್‌ಕ್ಯಾಮ್ ಕೂಡ ಹಾಗೇ ನಡೆಯುತ್ತದೆ. ಆಂಡ್ರಾಯ್ಡ್ 14 ಬಂದ ಮೇಲೆ ಕೆಲವು ಫೋನ್‌ಗಳೂ ಪುಕ್ಕಟೆ ವೆಬ್‌ಕ್ಯಾಮ್ ಆಗುತ್ತವೆ. 2020ರ ಲಾಕ್‌ಡೌನ್‌ನಲ್ಲಿ ವೆಬ್‌ಕ್ಯಾಮ್ ಸಿಗದೆ ಜನ ಪರದಾಡುವಾಗ ಕ್ಯಾಮೆರಾ ಕಂಪನಿಗಳು ಒಂದರ ಹಿಂದೆ ಒಂದು ಉಚಿತ ಸಾಫ್ಟ್‌ವೇರ್ ಬಿಟ್ಟವು. ಈಗ ಎಷ್ಟೋ ಹೊಸ ಮಾಡೆಲ್‌ಗಳಲ್ಲಿ ಯುವಿಸಿ ಕೊಟ್ಟೇ ಮಾರುತ್ತಿದ್ದಾರೆ. ಹಳೇ ಮಾಡೆಲ್ ಕೊಂಡ ನಾವೇನು ಪುಕ್ಕಟೆ ತಂದಿದ್ದೆವಾ?

ಯಾರನ್ನು ಕೇಳಿದರೂ "ಕ್ಯಾಪ್ಚರ್ ಕಾರ್ಡ್ ಹಾಕಿಸಿ ಅಣ್ಣ" ಅಂತಾರೆ. ಕ್ಯಾಮೆರಾದ ಚಿತ್ರವನ್ನು ಲ್ಯಾಪ್‌ಟಾಪ್‌ಗೆ ದಾಟಿಸುವ ಆ ಸಾಧನವನ್ನೂ ತರಿಸಿದೆ. ಡಬ್ಬಿ ಮೇಲೆ 4ಕೆ ಅಂತ ದೊಡ್ಡದಾಗಿ ಬರೆದಿದೆ, ಲ್ಯಾಪ್‌ಟಾಪ್‌ಗೆ ಬರುವುದು 1080ಪಿ. ಮಾತು ಮೊದಲು ಹೋಗುತ್ತದೆ, ಚಿತ್ರ ಆಮೇಲೆ. ಇನ್ನು ಬ್ಯಾಟರಿ. ಎರಡು ಪಾರ್ಟಿ ಜೊತೆ ಮಾತಾಡುವಷ್ಟರಲ್ಲಿ ಖಾಲಿ. ಅದಕ್ಕೊಂದು ಡಮ್ಮಿ ಬ್ಯಾಟರಿ ಬೇಕು. ಅದು ನೇರ ಕರೆಂಟಿನಲ್ಲಿ ನಡೆಯುವುದು. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಇರುತ್ತದೆ, ಕ್ಯಾಮೆರಾ ಸಾಯುತ್ತದೆ. ರೇಟ್ ಮಾತಾಡುವ ಹೊತ್ತಿಗೇ ಸ್ಕ್ರೀನ್ ಕಪ್ಪು!

ಬಿಸಿಲಿನ ಕಥೆಯಂತೂ ಕೇಳಲೇಬೇಡಿ. ಮ್ಯಾನ್ಯುಯಲ್‌ನಲ್ಲಿ 0ಯಿಂದ 40 ಡಿಗ್ರಿ ಒಳಗೆ ಬಳಸಿ ಅಂತಿದೆ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ 40 ದಾಟುವುದು ಹೊಸ ಸುದ್ದಿಯಾ? ಮೇಲೆ ತಗಡಿನ ಶೆಡ್, ಒಳಗೆ ಇಸ್ತ್ರಿ ಟೇಬಲ್. ಕಾಲ್ ಮುಗಿಯುವವರೆಗೂ ಸೆನ್ಸರ್ ಆನ್ ಇರಬೇಕು. ಕೆಂಪು ಥರ್ಮಾಮೀಟರ್ ಗುರುತು ತೋರಿಸಿ ಕ್ಯಾಮೆರಾ ಬಂದ್ ಆಗುತ್ತದೆ. ಈ ಬಿಸಿಲಿನಲ್ಲೇ ನಮ್ಮ ಹುಡುಗರು ದಿನವಿಡೀ ಮಷಿನ್ ಮುಂದೆ ಕೂರುತ್ತಾರೆ.

ಕಸ್ಟಮರ್ ಕೇರ್‌ನವರು ಮಾತ್ರ ತುಂಬಾ ಸಮಾಧಾನದಿಂದ "ಸರ್, ಸಬ್‌ಸ್ಕ್ರಿಪ್ಷನ್ ತಗೊಳ್ಳಿ" ಅಂತಾರೆ. ತಗೊಂಡರೆ ಈ ಬಿಸಿ ಕಡಿಮೆ ಆಗುತ್ತಾ? ಬ್ಯಾಟರಿ ಜಾಸ್ತಿ ಬರುತ್ತಾ? ಅದಕ್ಕೆ ಉತ್ತರ ಇಲ್ಲ. ತಿಂಗಳ ದುಡ್ಡು ನಾನು ಕಟ್ಟಲ್ಲ. ಹಳೇ ಮಾಡೆಲ್‌ಗಳಿಗೂ ಪೂರ್ತಿ 1080ಪಿ ಉಚಿತವಾಗಿ ಬಿಡಿ. ನಮ್ಮ ದುಡ್ಡನ್ನು ಕ್ಯಾಮೆರಾ ಕೊಂಡ ದಿನವೇ ಅಂಗಡಿಯಲ್ಲಿ ಎಣಿಸಿ ತಗೊಂಡಿದ್ದೀರಿ.