ಅವರ ಗೊಂದಲ ಬೇರೆ, ನಮ್ಮ ಗೊಂದಲ ಬೇರೆ

ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ 2014ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಪಠ್ಯಕ್ರಮವು ಗೊಂದಲ ಹುಟ್ಟಿಸುವ ಪದಗಳನ್ನು ವರ್ಷವಾರು ಹಂಚಿಕೊಟ್ಟಿದೆ. ‘ಅಲ್ಲಿ’ ಎಂಬ ಅರ್ಥದ ‘ದೇರ್’, ‘ಅವರ’ ಎಂಬ ಅರ್ಥದ ‘ದೇರ್’ ಎರಡನೆಯ ವರ್ಷದಲ್ಲೇ ಬರುತ್ತವೆ; ‘ಅಫೆಕ್ಟ್’ ಮತ್ತು ‘ಎಫೆಕ್ಟ್’ ಮೂರು, ನಾಲ್ಕನೆಯ ವರ್ಷಗಳಿಗೆ ಸೇರಿವೆ. ಇಲ್ಲಿ ಮಕ್ಕಳನ್ನು ಓದಿಸುತ್ತಾ ಈ ಕ್ರಮವನ್ನು ಹತ್ತಿರದಿಂದ ನೋಡುತ್ತಿರುವ ನನಗೆ, ಇದೇ ಬಗೆಯ ಪಟ್ಟಿಗಳನ್ನು ಕರ್ನಾಟಕದ ಮಕ್ಕಳಿಗೂ ಕೊಟ್ಟು ಉರುಹೊಡೆಸುವುದು ಸರಿಯಲ್ಲ ಎನಿಸಿದೆ.

ಇಲ್ಲಿನ ಮಗು ಇಂಗ್ಲಿಷನ್ನು ಮಾತಾಡುತ್ತಲೇ ಶಾಲೆಗೆ ಬರುತ್ತದೆ, ಕೇಳಿದ್ದನ್ನು ಬರೆಯಲು ಹೋಗಿ ಒಂದೇ ಉಚ್ಚಾರಣೆಯ ಪದಗಳಲ್ಲಿ ಎಡವುತ್ತದೆ. ನಮ್ಮಲ್ಲಿ 2007ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿದ್ದರೂ, ಕನ್ನಡ ಮಾಧ್ಯಮದ ಹೆಚ್ಚಿನ ಮಕ್ಕಳು ಆ ಪದಗಳನ್ನು ಮೊದಲು ಕಾಣುವುದು ಪುಸ್ತಕದಲ್ಲಿ. ಅವರ ತೊಡಕು ಕಾಗುಣಿತಕ್ಕಿಂತ ಹೆಚ್ಚಾಗಿ ವಾಕ್ಯದಲ್ಲಿದೆ. ‘ಹತ್ತು ವರ್ಷದಿಂದ’ ಎನ್ನುವಾಗಲೂ ‘2015ರಿಂದ’ ಎನ್ನುವಾಗಲೂ ಕನ್ನಡಕ್ಕೆ ‘ಇಂದ’ ಒಂದೇ ಸಾಕು. ಇಂಗ್ಲಿಷ್ ಅವಧಿಗೆ ‘ಫಾರ್’, ಆರಂಭದ ಬಿಂದುವಿಗೆ ‘ಸಿನ್ಸ್’ ಎಂದು ಬೇರ್ಪಡಿಸುತ್ತದೆ. ಆದ್ದರಿಂದಲೇ ‘ಸಿನ್ಸ್ ಟೆನ್ ಇಯರ್ಸ್’ ಎಂಬ ಪ್ರಯೋಗ ಪದವೀಧರರ ಬಾಯಲ್ಲೂ ಉಳಿದಿದೆ. ಪ್ರಶ್ನೆ ಹಾಕಿದರೂ, ಸದ್ದು ಕಿವಿಗೆ ಬಿದ್ದರೂ, ಸಂಗೀತಕ್ಕೆ ಕಿವಿಗೊಟ್ಟರೂ ನಾವು ‘ಕೇಳು’ ಎಂಬ ಕ್ರಿಯಾಪದವನ್ನೇ ಬಳಸಬಲ್ಲೆವು. ಇಂಗ್ಲಿಷಿನಲ್ಲಿ ‘ಆಸ್ಕ್’, ‘ಹಿಯರ್’, ‘ಲಿಸನ್’ ಮೂರೂ ಬೇರೆ. ಇವನ್ನು ಕನ್ನಡದಲ್ಲೇ ವಿವರಿಸಿ ತೋರಿಸುವ ಶಿಕ್ಷಕರು ಮಕ್ಕಳಿಗೆ ದೊಡ್ಡ ಉಪಕಾರ ಮಾಡುತ್ತಾರೆ.

ಇಲ್ಲಿನ ಉಪಾಯಗಳೂ ಹಾಗೆಯೇ ನಮ್ಮಲ್ಲಿ ನಡೆಯುವುದಿಲ್ಲ. ‘ಪ್ರಾಕ್ಟೀಸ್’ ನಾಮಪದವಾದಾಗ ‘ಸಿ’, ಕ್ರಿಯಾಪದವಾದಾಗ ‘ಎಸ್’ ಅಕ್ಷರ ಬರುವುದು ಬ್ರಿಟಿಷ್ ಪದ್ಧತಿ. ಅಮೆರಿಕದಲ್ಲಿ ಎರಡಕ್ಕೂ ‘ಸಿ’ಯೇ. ಇದನ್ನು ನೆನಪಿಡಲು ಇಲ್ಲಿನ ಪಠ್ಯಕ್ರಮ ‘ಅಡ್ವೈಸ್’ ಪದದ ಆಸರೆ ಪಡೆಯುತ್ತದೆ: ಸಲಹೆ ಎಂಬ ನಾಮಪದ ‘ಸ್’ ಎಂದು ಮುಗಿದರೆ ಸಲಹೆ ಕೊಡುವ ಕ್ರಿಯಾಪದ ‘ಜ಼್’ ಎಂದು ಮುಗಿಯುತ್ತದೆ, ಆ ಧ್ವನಿಯನ್ನು ‘ಸಿ’ ಅಕ್ಷರದಿಂದ ಬರೆಯಲಾಗದು. ಆದರೆ ನಮ್ಮ ವರ್ಣಮಾಲೆಯಲ್ಲಿ ಆ ಧ್ವನಿಯೇ ಇಲ್ಲದಿರುವುದರಿಂದ ಎರಡನ್ನೂ ‘ಅಡ್ವೈಸ್’ ಎಂದೇ ನುಡಿಯುವ ಮಗುವಿಗೆ ಈ ಸುಳಿವು ಯಾವ ನೆರವೂ ಆಗುವುದಿಲ್ಲ. ನಾಮಪದ, ಕ್ರಿಯಾಪದಗಳ ಭೇದವನ್ನು ಕನ್ನಡ ವ್ಯಾಕರಣದ ತರಗತಿಯಲ್ಲಿ ಅದು ಆಗಲೇ ಕಲಿತಿರುತ್ತದೆಯಲ್ಲ, ಅಲ್ಲಿಂದಲೇ ಹೊರಡಬಹುದು.

‘ಎ’ ಮತ್ತು ‘ದ’ಗಳ ವಿಷಯದಲ್ಲಿ ಕನ್ನಡ ಇನ್ನೂ ಹೆಚ್ಚು ನೆರವಾಗಬಲ್ಲದು. ಇವಕ್ಕೆ ಸಮನಾದ ಪದ ನಮ್ಮಲ್ಲಿಲ್ಲ ಎಂದು ಹೇಳಿ ನಿಯಮಗಳನ್ನು ಬಾಯಿಪಾಠ ಮಾಡಿಸುವುದು ರೂಢಿಯಾಗಿದೆ. ಆದರೆ ‘ಒಂದೂರಿನಲ್ಲಿ ಒಬ್ಬ ರಾಜನಿದ್ದ, ಆ ರಾಜನಿಗೆ ಮೂವರು ಮಕ್ಕಳು’ ಎಂದು ಅಜ್ಜಿ ಕಥೆ ಶುರುಮಾಡಿದಾಗಲೇ ಮಗು ಆ ವ್ಯತ್ಯಾಸವನ್ನು ಗ್ರಹಿಸಿದೆ: ಮೊದಲ ಬಾರಿ ಬಂದವನು ‘ಒಬ್ಬ’, ಪರಿಚಯವಾದ ಮೇಲೆ ‘ಆ’. ಸೂರ್ಯ, ಚಂದ್ರರ ಹಿಂದೆ ಇಂಗ್ಲಿಷ್ ಏಕೆ ‘ದ’ ಹಚ್ಚುತ್ತದೆ ಎಂಬುದಕ್ಕೆ ಈ ದಾರಿ ಸಾಲದು. ಅಂಥವನ್ನು ಓದಿನಿಂದಲೂ ಅಭ್ಯಾಸದಿಂದಲೂ ಬೇರೆಯಾಗಿಯೇ ಕಲಿಸಬೇಕಾಗುತ್ತದೆ.