ಕನ್ನಡದಲ್ಲಿ ಬರೆದುಕೊಂಡರೆ ಸಾಲದು

'ಇಂಗ್ಲಿಷ್ ಪದವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಓದಿ, ಉಚ್ಚಾರಣೆ ತಾನಾಗಿ ಸರಿಯಾಗುತ್ತದೆ' ಅಂತ ಬರೆದಿದ್ದೀರಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ ಸಾರ್. ಸಕಲೇಶಪುರದ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಹೋದ ವರ್ಷ ಲಂಡನ್ನಿಂದ ಬಂದಿದ್ದ ಗಂಡ ಹೆಂಡತಿಗೆ ತೋಟ ತೋರಿಸುತ್ತಾ 'ಕಾರ್ಡಮಾಮ್, ಕಾರ್ಡಮಾಮ್' ಅಂತ ಮೂರು ಸಲ ಹೇಳಿದೆ, ಅವರು ಸುಮ್ನೆ ತಲೆ ಆಡಿಸುತ್ತಿದ್ದರು. ಕೊನೆಗೆ ಒಂದು ಏಲಕ್ಕಿ ಕಾಯಿ ಬಿಡಿಸಿ ಮೂಗಿನ ಹತ್ತಿರ ಹಿಡಿದಾಗ 'ಓ!' ಅಂದರು. ಆ ಪದ ಅವರ ಬಾಯಲ್ಲಿ ಬಂದಾಗ ಭಾರವೆಲ್ಲ, ಅಂದರೆ ಒತ್ತಿ ಹೇಳುವುದೆಲ್ಲ, 'ಕಾ' ಮೇಲೆ, ರಕಾರ ಕೇಳಿಸಲೇ ಇಲ್ಲ, ಮಿಕ್ಕಿದ್ದು ಅರ್ಧ ನುಂಗಿದ ಹಾಗೆ.

ನಮ್ಮಲ್ಲಿ ಹ್ರಸ್ವ ದೀರ್ಘ ತಪ್ಪಿದರೆ ಅರ್ಥ ಕೆಡುತ್ತದೆ, ಭಾರ ಎಲ್ಲಿ ಹಾಕಿದರೂ ಕೆಡುವುದಿಲ್ಲ, ಅದಕ್ಕೇ ನಮ್ಮ ಲಿಪಿಯಲ್ಲಿ ಅದಕ್ಕೆ ಗುರುತೇ ಇಲ್ಲ (ಒತ್ತಕ್ಷರ ಬೇರೆ ವಿಷಯ). ಅವರಲ್ಲಿ 'ಫೋಟೋಗ್ರಾಫ್' ಅಂದರೆ ಭಾರ 'ಫೋ' ಮೇಲೆ, 'ಫೋಟೋಗ್ರಫಿ' ಅಂದ ಕೂಡಲೇ ಎರಡನೇ ಅಕ್ಷರಕ್ಕೆ ಜಾರುತ್ತದೆ, ಆಗ ಮೊದಲಿನ 'ಫೋ' ಮಂಕಾಗಿ 'ಫ' ಥರ ಕೇಳುತ್ತದೆ. ಬರೆದುಕೊಳ್ಳಿ, ಬೇಡ ಅನ್ನಲ್ಲ, ಆದರೆ ಭಾರ ಬೀಳುವ ಅಕ್ಷರದ ಕೆಳಗೆ ಒಂದು ಗೆರೆ ಎಳೆಯಿರಿ. ಇನ್ನು ಹಕಾರದ ಮಾತು ಬೇಡವೇ ಬೇಡ, ಹಾಸನವನ್ನು 'ಆಸನ' ಅನ್ನುವವರು ಅಂತ ನಮ್ಮನ್ನು ಆಡಿಕೊಳ್ಳುವುದು ಇವತ್ತು ನಿನ್ನೆಯದಲ್ಲ ಅಲ್ವಾ.